ಹನ್ನೆರಡು ವಾರದ ಮಗಳು, ಇಪ್ಪತ್ತಾರು ವಾರದ ಮಗ

ನಮ್ಮ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಒಂದು ಹಳೇ ಡಬ್ಬಿ ಇದೆ. ಮಗಳು ಕೂಸಾಗಿದ್ದಾಗ ತಂದ ಹಾಲಿನ ಪುಡಿಯ ಡಬ್ಬಿ. ಮುಚ್ಚಳ ಗಟ್ಟಿ, ಇರುವೆ ಹೋಗಲ್ಲ, ಅದಕ್ಕೇ ಎಸೆದಿಲ್ಲ. ಈಗ ಅದರಲ್ಲಿ ಬೆಲ್ಲ ಇರುತ್ತದೆ. ಮೊನ್ನೆ ಪಾಯಸಕ್ಕೆ ಬೆಲ್ಲ ತೆಗೆದುಕೊಡು ಅಂದರೆ ಮಗಳು ಸ್ಟೂಲಿನ ಮೇಲೆ ನಿಂತುಕೊಂಡೇ ಡಬ್ಬಿಯ ಸಣ್ಣಕ್ಷರ ಓದತೊಡಗಿದಳು.

"ಅಮ್ಮಾ, ತಾಯಿ ಹಾಲೇ ಮಗುವಿಗೆ ಬೆಸ್ಟ್ ಅಂತ ಇದರ ಮೇಲೇ ಬರೆದಿದೆ. ಮತ್ತೆ ಇದನ್ನ ಯಾಕೆ ತಂದ್ರಿ?"

"ಮೊದ್ಲು ಬೆಲ್ಲ ಕೊಡು" ಅಂದೆ.

ಆ ಸಾಲನ್ನು ಕಂಪನಿಯವರು ಪ್ರೀತಿಯಿಂದ ಬರೆದದ್ದಲ್ಲ. 1992ರಲ್ಲಿ ಬಂದ ಕಾನೂನಿನ ಪ್ರಕಾರ ಶಿಶುಗಳ ಹಾಲಿನ ಪುಡಿಯ ಡಬ್ಬಿ ಮೇಲೆ ಹಾಗೆ ಬರೆಯಲೇಬೇಕು. ಮುದ್ದು ಮಗುವಿನ ಚಿತ್ರ ಹಾಕುವ ಹಾಗಿಲ್ಲ, ಜಾಹೀರಾತು ಕೊಡುವ ಹಾಗಿಲ್ಲ. ಇದನ್ನೆಲ್ಲ ಅವಳಿಗೆ ಹೇಳಬಹುದಿತ್ತು. ಆದರೆ ಅವಳು ಕೇಳಿದ್ದು ಅದಲ್ಲವಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಕೊಡಬೇಕಾದರೆ ನಾನು 2014ರ ಕ್ಯಾಲೆಂಡರ್ ತೆಗೆಯಬೇಕು.

ನಾನು ಅಕೌಂಟ್ಸಿನವಳು. ಪೀಣ್ಯದಲ್ಲಿ ಮಷಿನ್ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮನೆ ನೆಲಮಂಗಲ, ತವರು ಅರಸೀಕೆರೆ. ಎರಡು ಹೆರಿಗೆ, ಎರಡೂ ಅದೇ ಕೆಲಸದಲ್ಲಿದ್ದಾಗ. ಮೊದಲನೆಯದು ಹಳೇ ಕಾನೂನಿನ ಕಾಲದಲ್ಲಿ, ಎರಡನೆಯದು ಹೊಸ ಕಾನೂನಿನ ಕಾಲದಲ್ಲಿ. ಅದೇ ತಾಯಿ, ಅದೇ ಆಫೀಸು, ಅದೇ ಕುರ್ಚಿ. ಬದಲಾದದ್ದು ರಜೆ ಮಾತ್ರ. ಪೂರ್ತಿ ನಿಜ ಅಲ್ಲ, ಅದನ್ನ ಆಮೇಲೆ ಹೇಳುತ್ತೇನೆ.

ಮೊದಲು ಮಗಳ ಲೆಕ್ಕ.

1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಆಗ ಇದ್ದದ್ದು 12 ವಾರ. ಭಾನುವಾರ, ಹಬ್ಬ ಎಲ್ಲ ಸೇರಿ 84 ದಿನ. ಅದರಲ್ಲಿ ಆರು ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ನನಗೆ ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಎಂಟನೇ ಮೈಲಿ ಜಾಮಿನಲ್ಲಿ ಬಸ್ಸಲ್ಲಿ ನಿಂತು ನಿಂತು ಸಾಕಾಗಿ, ಡಾಕ್ಟರು ಕೊಟ್ಟ ತಾರೀಖಿಗೆ ಮೂರು ವಾರ ಮುಂಚೆ ರಜೆ ಹಾಕಿದೆ. ಮಗಳು ತಾರೀಖಿಗಿಂತ ಐದು ದಿನ ತಡವಾಗಿ ಹುಟ್ಟಿದಳು. ಮನೆಯವರೆಲ್ಲ ಮಗುವಿನ ಮೂಗು ಯಾರ ಥರ ಅಂತ ನೋಡುತ್ತಿದ್ದರೆ ನಾನು ಹಾಸಿಗೆಯಲ್ಲೇ ಕಳೆಯುವ ಲೆಕ್ಕ ಮಾಡುತ್ತಿದ್ದೆ. 84ರಲ್ಲಿ 26 ಹೋದರೆ 58. ಉಳಿಸಿಕೊಂಡಿದ್ದ ಗಳಿಕೆ ರಜೆ (ಇ.ಎಲ್.) 12, ಮಧ್ಯದ ಭಾನುವಾರ ಎರಡು. ಒಟ್ಟು 72.

ಜೂನ್ 24ಕ್ಕೆ ಹುಟ್ಟಿದವಳು. ಸೆಪ್ಟೆಂಬರ್ 4ಕ್ಕೆ, ಗಣೇಶನ ಹಬ್ಬ ಮುಗಿದ ಮುಂದಿನ ವಾರ, ನಾನು ಡ್ಯೂಟಿಗೆ ಹಾಜರು.

ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತಿರುವುದು ಆರು ತಿಂಗಳು. ಆರು ತಿಂಗಳು ಎದೆಹಾಲು ಮಾತ್ರ. 'ಮಾತ್ರ' ಅಂದರೆ ನಿಜವಾಗಿಯೂ ಮಾತ್ರ. ನೀರೂ ಇಲ್ಲ, ಜೇನುತುಪ್ಪ ಇಲ್ಲ, ಬಜೆ ತೇಯ್ದು ನೆಕ್ಕಿಸುವುದಿಲ್ಲ, ಗ್ರೈಪ್ ವಾಟರ್ ಇಲ್ಲ. ಡಾಕ್ಟರು ಬರೆದುಕೊಟ್ಟ ಡ್ರಾಪ್ಸ್, ಔಷಧಿ ಬಿಟ್ಟರೆ ಬೇರೇನೂ ಇಲ್ಲ. ಆಸ್ಪತ್ರೆ ಗೋಡೆ ಮೇಲೆ ದೊಡ್ಡದಾಗಿ ಬರೆದಿದ್ದರು. ಆ ಗೋಡೆ ನೋಡಿಕೊಂಡೇ ನಾನು 72 ಅನ್ನುವ ಅಂಕಿ ಮನಸ್ಸಿನಲ್ಲಿಟ್ಟುಕೊಂಡಿದ್ದೆ. 180ಕ್ಕೂ 72ಕ್ಕೂ ನಡುವಿನ 108 ದಿನ ಮಗು ಏನು ಕುಡಿಯಬೇಕು ಅಂತ ಯಾವ ಗೋಡೆ ಮೇಲೂ ಇರಲಿಲ್ಲ.

ಒಂದು ವಿಷಯ ಎಷ್ಟೋ ಜನರಿಗೆ ಗೊತ್ತಿರಲ್ಲ. ರಜೆ ಮುಗಿದ ದಿನ ಎದೆಹಾಲು ನಿಲ್ಲುವುದಲ್ಲ. ಅದಕ್ಕೆ ಮೊದಲೇ ಶುರುವಾಗಿರುತ್ತದೆ. "ನೀನು ಹೋದ ದಿನವೇ ಬಾಟಲಿ ಕೊಟ್ಟರೆ ಮಗು ಹಿಡಿಯಲ್ಲ, ಈಗಲೇ ರೂಢಿ ಮಾಡಿಸು" ಅಂತ ಎಲ್ಲರೂ ಹೇಳುತ್ತಾರೆ. ಹೇಳುವುದರಲ್ಲಿ ತಪ್ಪೂ ಇಲ್ಲ, ಮಗು ಹಸಿದು ಅತ್ತರೆ ಎತ್ತಿಕೊಳ್ಳುವವರು ಅವರೇ ಅಲ್ವಾ. ಎಂಟನೇ ವಾರಕ್ಕೆ ಡಬ್ಬಿ ಬಂತು. ದಿನಕ್ಕೆ ಒಂದು ಸಲ, ಆಮೇಲೆ ಎರಡು ಸಲ. ಮಗು ಡಬ್ಬಿ ಹಾಲು ಕುಡಿದ ಹೊತ್ತಿಗೆ ಎದೆ ಖಾಲಿಯಾಗಲ್ಲ. ಖಾಲಿಯಾಗದ ಎದೆ ಹಾಲು ಕಡಿಮೆ ಮಾಡುತ್ತದೆ. ಎಷ್ಟು ತೆಗೆದರೆ ಅಷ್ಟು ಬರುವ ಬಾವಿ ಅದು. ಬಳಸದೇ ಬಿಟ್ಟರೆ ಬತ್ತುತ್ತದೆ. ಅಂದರೆ ನನ್ನ 72 ದಿನದಲ್ಲೂ ಎದೆಹಾಲು 'ಮಾತ್ರ' ಆದದ್ದು ಐವತ್ತೈದೋ ಐವತ್ತಾರೋ ದಿನ.

ತವರಿನ ಅದೇ ಮನೆಯಲ್ಲಿ ನಮ್ಮ ಅತ್ತಿಗೆ ಇದ್ದರು. ಅಣ್ಣನ ಹೆಂಡತಿ, ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲ್ವೆ ಕೆಲಸ. ಕೇಂದ್ರ ಸರ್ಕಾರದ ನೌಕರರಿಗೆ 2008ರಲ್ಲೇ ಹೆರಿಗೆ ರಜೆ 180 ದಿನ ಆಗಿತ್ತು. ಅದರ ಮೇಲೆ ಮಕ್ಕಳ ಆರೈಕೆಗೆ ಅಂತ ಇಡೀ ಸರ್ವಿಸಿನಲ್ಲಿ 730 ದಿನ ಬೇರೆ. ಅವರ ಮಗ ನನ್ನ ಮಗಳಿಗಿಂತ ಒಂದು ವರ್ಷ ದೊಡ್ಡವನು. ಆರು ತಿಂಗಳು ಡಬ್ಬಿ ಮುಖ ನೋಡಲಿಲ್ಲ. ಒಂದೇ ಮನೆ, ಒಂದೇ ಒಲೆಯಲ್ಲಿ ಬೆಂದ ಸಬ್ಬಸಿಗೆ ಸೊಪ್ಪಿನ ಪಲ್ಯ, ಒಬ್ಬಳೇ ಅಮ್ಮ ಹುರಿದುಕೊಟ್ಟ ಬೆಳ್ಳುಳ್ಳಿ. "ಅವಳಿಗೆ ಹಾಲು ಚೆನ್ನಾಗಿತ್ತು, ನಿನಗೆ ಕಡಿಮೆ" ಅಂತ ಊರವರು ತೀರ್ಮಾನ ಮಾಡಿಬಿಟ್ಟರು. ನಾನೂ ಬಹಳ ದಿನ ಹಾಗೇ ನಂಬಿದ್ದೆ.

ಮೊದಲನೇ ದಿನ ಆಫೀಸಿನಲ್ಲಿ ಏನಾಯಿತು ಅಂತ ಹೇಳಿಬಿಡುತ್ತೇನೆ. ಗಂಡಸರು ಓದುತ್ತಿದ್ದರೆ ಓದಲಿ.

ಬೆಳಿಗ್ಗೆ ಏಳೂವರೆಗೆ ಹಾಲು ಕುಡಿಸಿ ಹೊರಟಿದ್ದೆ. ಹನ್ನೊಂದರ ಹೊತ್ತಿಗೆ ಎದೆ ಭಾರ. ಹನ್ನೊಂದೂವರೆಗೆ ಕಲ್ಲು. ವೋಚರ್ ಕಟ್ಟು ಎತ್ತಿಕೊಳ್ಳಲು ಕೈ ಎತ್ತಿದರೆ ಕಂಕುಳವರೆಗೆ ನೋವು. ಪಕ್ಕದ ಸೆಕ್ಷನ್ನಿನಲ್ಲಿ ಯಾರದೋ ಮೊಬೈಲಿನಲ್ಲಿ ಮಗು ಅಳುವ ರಿಂಗ್‌ಟೋನ್ ಬಂತು. ಆಗ ಅದೊಂದು ತಮಾಷೆ ಇತ್ತು. ಅಷ್ಟೇ ಸಾಕಾಯಿತು, ಕುಪ್ಪಸ ಒದ್ದೆ. ವೇಲ್ ಮಡಚಿ ಎದೆಗೆ ಒತ್ತಿಕೊಂಡು ರೆಕಾರ್ಡ್ ರೂಮಿಗೆ ಹೋದೆ. ಟಾಯ್ಲೆಟ್ಟಿಗೆ ಹೋಗಬಹುದಿತ್ತು. ಆದರೆ ಇದ್ದ ಒಂದೇ ಲೇಡೀಸ್ ಟಾಯ್ಲೆಟ್ಟಿನ ಚಿಲಕ ಕೆಟ್ಟು ಮೂರು ತಿಂಗಳಾಗಿತ್ತು.

ರೆಕಾರ್ಡ್ ರೂಮ್ ಅಂದರೆ ಬಾಕ್ಸ್ ಫೈಲುಗಳ ಗೋದಾಮು. ಒಂದೇ ಟ್ಯೂಬ್‌ಲೈಟ್, ಹಳೇ ಕಾಗದದ ವಾಸನೆ. 2009–10ರ ಸೇಲ್ಸ್ ಟ್ಯಾಕ್ಸ್ ಫೈಲುಗಳಿಗೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಕೊಟ್ಟು, ಕುಡಿಯುವ ನೀರಿನ ಸ್ಟೀಲ್ ಲೋಟಕ್ಕೆ ಕೈಯಲ್ಲೇ ಹಿಂಡಿದೆ. ಮೊದಲು ಬರಲಿಲ್ಲ. ಕಣ್ಣು ಮುಚ್ಚಿ ಮಗಳ ನೆತ್ತಿಯ ವಾಸನೆ ನೆನೆಸಿಕೊಂಡೆ, ಸಾಂಬ್ರಾಣಿ ಹೊಗೆ ಮತ್ತು ಹಾಲಿನ ವಾಸನೆ. ಆಗ ಬಂತು. ಲೋಟದ ಅರ್ಧ ಆಯಿತು. ಯಾರೋ ಬಾಗಿಲು ತಟ್ಟಿ "ಮೇಡಂ, ಸ್ಟೇಟ್‌ಮೆಂಟ್ ಫೈಲು" ಅಂದರು. "ಎರಡು ನಿಮಿಷ" ಅಂದೆ. ಆ ಅರ್ಧ ಲೋಟ ಹಾಲು ಏನು ಮಾಡುವುದು? ಫ್ರಿಜ್ ಇಲ್ಲ. ಹೊರಗಿಟ್ಟರೆ ನಾಲ್ಕು ಗಂಟೆಗಿಂತ ಜಾಸ್ತಿ ಇಡಬೇಡಿ ಅಂತ ಡಾಕ್ಟರ್ ಹೇಳಿದ್ದರು. ಮನೆ ಸೇರುವುದು ಸಂಜೆ ಏಳಕ್ಕೆ. ಕೈತೊಳೆಯುವ ಬೇಸಿನ್ನಿಗೆ ಸುರಿದೆ. ಬಿಳಿ ನೀರು ಗುಳ್ ಅಂತ ಇಳಿದು ಹೋಯಿತು. ಮೇಲೆ ನಲ್ಲಿ ಬಿಟ್ಟು ತೊಳೆದೆ, ಯಾರಿಗೂ ಗೊತ್ತಾಗಬಾರದು ಅಂತ.

ಅದೇ ಹೊತ್ತಿಗೆ ನೆಲಮಂಗಲದಲ್ಲಿ ಅತ್ತೆ ಡಬ್ಬಿಯ ಜೊತೆ ಬಂದ ಚಮಚದಲ್ಲಿ ಪುಡಿ ಅಳೆಯುತ್ತಿದ್ದರು. ಒಂದು ಡಬ್ಬಿ ಎಂಟು ದಿನಕ್ಕೆ ಬರುತ್ತಿತ್ತು.

ಮೂರನೇ ವಾರ ಎದೆ ಕಟ್ಟಿಕೊಂಡು ಜ್ವರ ಬಂತು. ಐದನೇ ವಾರಕ್ಕೆ ಹಗಲು ಹೊತ್ತು ಭಾರ ಆಗುವುದು ನಿಂತಿತು. ಅಬ್ಬಾ, ಸಮಾಧಾನ ಅನ್ನಿಸಿತು ಅಂತ ಬರೆಯಲು ಕಷ್ಟ, ಆದರೆ ಅನ್ನಿಸಿದ್ದು ಅದೇ. ರಾತ್ರಿ ಮಾತ್ರ ಕುಡಿಯುತ್ತಿದ್ದಳು. ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಅದೂ ಬೇಡ ಅಂದಳು. ಬಾಟಲಿಯಲ್ಲಿ ಸಲೀಸಾಗಿ ಬರುವಾಗ ಇಲ್ಲಿ ಯಾಕೆ ಕಷ್ಟಪಡಬೇಕು ಅಂತ ಅವಳಿಗೂ ಲೆಕ್ಕ ಗೊತ್ತಾಗಿತ್ತು. ನನ್ನ ಮಗಳಲ್ವಾ.

ಈಗ ನಗು ಬರುವ ಒಂದು ವಿಷಯ. ಮರುವರ್ಷ ಲೇಬರ್ ಇನ್ಸ್‌ಪೆಕ್ಷನ್ ಇದೆ ಅಂತ ಟೈಮ್ ಆಫೀಸಿನ ಗೋಡೆ ಒರೆಸಿದರು. ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಹಿಂದೆ ಒಂದು ಫ್ರೇಮ್ ಸಿಕ್ಕಿತು. ಹೆರಿಗೆ ಸೌಲಭ್ಯ ಕಾಯ್ದೆಯ ಸಾರಾಂಶ, ಕನ್ನಡದಲ್ಲಿ. ಹಾಗೆ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು ಅಂತ ಕಾಯ್ದೆಯಲ್ಲೇ ಇತ್ತು. ಧೂಳು ಒರೆಸಿ ಓದಿದೆ. ಮಗುವಿಗೆ 15 ತಿಂಗಳು ತುಂಬುವವರೆಗೆ, ಮಾಮೂಲಿ ವಿರಾಮ ಬಿಟ್ಟು, ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. 1961ರಿಂದಲೂ ಇರುವ ಮಾತು. ನಾನು ದಿನಾ ಎರಡು ಸಲ ಆ ಗೋಡೆ ಪಕ್ಕದಲ್ಲೇ ಪಂಚ್ ಮಾಡುತ್ತಿದ್ದೆ. ಗೊತ್ತಿದ್ದರೂ ಏನು ಮಾಡುತ್ತಿದ್ದೆ? ಮಗು ಹದಿನೈದು ಕಿಲೋಮೀಟರ್ ಆಚೆ. ನಡುವೆ ಟೋಲು, ಜಾಲಹಳ್ಳಿ ಕ್ರಾಸು. ಬಿಡುವು ಇದ್ದರೆ ಸಾಲದು, ಬಿಡುವಿನ ಕೈಗೆ ಎಟುಕುವ ಹಾಗೆ ಮಗು ಇರಬೇಕು. ಗೊತ್ತಿದ್ದರೆ ಕನಿಷ್ಠ ರೆಕಾರ್ಡ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವಾಗ ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತಿರಲಿಲ್ಲವೇನೋ.

2017ರ ಏಪ್ರಿಲ್ 1ಕ್ಕೆ ಕಾನೂನು ಬದಲಾಯಿತು. ಮೊದಲ ಎರಡು ಮಕ್ಕಳಿಗೆ 26 ವಾರ, ಅದರಲ್ಲಿ ಹೆರಿಗೆಗೆ ಮೊದಲು ಎಂಟು ವಾರದವರೆಗೆ ತೆಗೆದುಕೊಳ್ಳಬಹುದು. ಮೂರನೆಯದಕ್ಕೆ ಹಳೇ 12 ವಾರವೇ. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ನಮ್ಮ ಕಂಪನಿ ಪಟ್ಟಿಯಲ್ಲಿದ್ದದ್ದು 47 ಜನ. ಬೇಕಂತಲೇ 47ಕ್ಕೆ ನಿಲ್ಲಿಸಿದ್ದರು ಅಂತ ನಾನು ಹೇಳುವುದಿಲ್ಲ. 47 ಇತ್ತು, ಅಷ್ಟೇ.

26 ವಾರ ಅಂದರೆ 182 ದಿನ. ಆರು ತಿಂಗಳಿಗೆ ಸರಿಯಾಗಿ ಹೊಂದುತ್ತದೆ ಅಂತ ಪೇಪರಿನಲ್ಲಿ ಬಂದಿತ್ತು. ಲೆಕ್ಕದವಳಿಗೆ ತಕ್ಷಣ ಕಂಡದ್ದು ಬೇರೆ. ಹೆರಿಗೆಯ ದಿನವೇ ರಜೆ ಶುರುವಾದರೆ ಮಾತ್ರ ಅದು ಆರು ತಿಂಗಳು. ಮೊದಲು ಒಂದು ತಿಂಗಳು ತೆಗೆದುಕೊಂಡರೆ ಮಗುವಿಗೆ ಉಳಿಯುವುದು ಐದು. ಎಂಟು ವಾರವೂ ತೆಗೆದುಕೊಂಡರೆ ನಾಲ್ಕು ಚಿಲ್ಲರೆ. ಹೊಟ್ಟೆಯೊಳಗಿನ ಮಗುವಿಗೆ ಕೊಟ್ಟ ದಿನವನ್ನು ಹೊರಗಿನ ಮಗುವಿನ ಖಾತೆಯಿಂದ ಕಳೆಯುತ್ತಾರೆ.

ಆದ್ದರಿಂದ ಎರಡನೇ ಸಲ ನಾನು ಜಿಪುಣಿಯಾದೆ. 2018ರ ನವೆಂಬರಿನಲ್ಲಿ ತಾರೀಖು. ದೀಪಾವಳಿ ವಾರದವರೆಗೂ ಕೆಲಸ ಮಾಡಿದೆ. ಅಕ್ಟೋಬರಿನ ಜಿ.ಎಸ್.ಟಿ. ರಿಟರ್ನ್ ಫೈಲ್ ಮಾಡುವಾಗ ಹೊಟ್ಟೆ ಟೇಬಲ್ಲಿಗೆ ತಾಗಿ ಕೀಬೋರ್ಡ್ ಎಟುಕುತ್ತಿರಲಿಲ್ಲ, ಕುರ್ಚಿ ಅಡ್ಡ ಹಾಕಿಕೊಂಡು ಟೈಪ್ ಮಾಡುತ್ತಿದ್ದೆ. ಇದು ಜಾಣತನ ಅಂತ ಹೇಳುತ್ತಿಲ್ಲ, ಬೇರೆಯವರಿಗೆ ಹೀಗೆ ಮಾಡಿ ಅಂತಲೂ ಹೇಳುವುದಿಲ್ಲ. ಯಶವಂತಪುರದಲ್ಲಿ ರೈಲು ಹತ್ತುವಾಗ ಪೋರ್ಟರ್ ಒಬ್ಬರು ನನ್ನನ್ನು ನೋಡಿ "ತಾಯಿ, ಊರು ತಲುಪ್ತೀರಾ?" ಅಂದರು. ನವೆಂಬರ್ 5ಕ್ಕೆ ರಜೆ ಶುರು, 12ಕ್ಕೆ ಮಗ ಹುಟ್ಟಿದ. ಖರ್ಚಾದದ್ದು ಒಂದೇ ವಾರ. ಉಳಿದದ್ದು 25. ಅವನು ಸಮಯಪಾಲಕ.

ಇಪ್ಪತ್ತೈದು ವಾರ! ಅಷ್ಟು ದಿನದ ರಜೆ ಕೈಯಲ್ಲಿದ್ದರೆ ಮನಸ್ಸು ಹೇಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಎಂಟನೇ ವಾರಕ್ಕೆ ಯಾರೂ ಡಬ್ಬಿ ಅನ್ನಲಿಲ್ಲ. ಅಂದರೂ ನಾನು "ಮೇವರೆಗೆ ಮನೇಲೇ ಇರ್ತೀನಲ್ಲ" ಅನ್ನಬಹುದಿತ್ತು. ಆ ಒಂದು ಮಾತು ಮೊದಲನೇ ಸಲ ನನ್ನ ಹತ್ತಿರ ಇರಲಿಲ್ಲ.

ಹಾಗಂತ ಸುಮ್ನೆ ಬಿಟ್ಟರು ಅಂದುಕೊಳ್ಳಬೇಡಿ. ಹನ್ನೊಂದನೇ ದಿನ ಅಜ್ಜಿ ಬಜೆ ತೇಯುವ ಕಲ್ಲು ಇಳಿಸಿದರು. ನಾನು ಬೇಡ ಅಂದೆ. "ನಿಮ್ಮಪ್ಪ ಬಜೆ ತಿಂದೇ ಬೆಳೆದಿದ್ದು" ಅಂದರು. ಅಪ್ಪ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದರು, ಏನೂ ಆಗಿಲ್ಲ ಅನ್ನುವುದಕ್ಕೆ ಸಾಕ್ಷಿಯಾಗಿ. ನಿಜವಾದ ಯುದ್ಧ ಮಾರ್ಚಿನಲ್ಲಿ. ಅರಸೀಕೆರೆ ಬಿಸಿಲು, ಮಧ್ಯಾಹ್ನ ಹೆಂಚಿನ ಕೆಳಗೆ ಕೂತರೆ ಬೆವರು ಧಾರೆ. "ನಾವು ಗಳಿಗೆಗೊಂದು ಚೊಂಬು ನೀರು ಕುಡೀತೀವಿ, ಕೂಸಿಗೆ ಒಂದು ಒಳಲೆ ನೀರು ಬೇಡ್ವಾ?" ಅಂತ ಅಮ್ಮ. ಎದೆಹಾಲಿನಲ್ಲಿ ಬಹುಪಾಲು ನೀರೇ, ಎಷ್ಟೇ ಬಿಸಿಲಿದ್ದರೂ ಬೇರೆ ನೀರು ಬೇಡ, ಬಾಯಾರಿದರೆ ಹೆಚ್ಚು ಸಲ ಕುಡಿಯುತ್ತಾನೆ ಅಂತ ಹೇಳಿದೆ. ಅಮ್ಮ ನಂಬಲಿಲ್ಲ. ಆದರೆ ಮಗು ನನ್ನ ತೊಡೆ ಮೇಲಿತ್ತು, ಒಳಲೆ ಅಮ್ಮನ ಕೈಯಲ್ಲಿತ್ತು. ನಾನು ಎದ್ದು ಆಫೀಸಿಗೆ ಹೋಗಬೇಕಾಗಿರಲಿಲ್ಲ. ಅಷ್ಟೇ ವ್ಯತ್ಯಾಸ.

ನಾಲ್ಕನೇ ತಿಂಗಳಲ್ಲಿ "ನಾವು ತಿನ್ನುವಾಗ ಬಾಯಿ ನೋಡ್ತಾನೆ, ಪಾಪ" ಅನ್ನುವುದು ಶುರುವಾಯಿತು. ಅವನು ಫ್ಯಾನನ್ನೂ ಹಾಗೇ ನೋಡುತ್ತಿದ್ದ.

ಬಾಣಂತನ ಮೂರು ತಿಂಗಳು, ಐದು ತಿಂಗಳು ಅಂತ ನಮ್ಮ ಕಡೆ ಇದೆಯಲ್ಲ, ಅದರ ಬಗ್ಗೆ ಆಗ ಬಹಳ ಯೋಚನೆ ಮಾಡಿದೆ. ಅದೂ ಒಂಥರಾ ಹೆರಿಗೆ ರಜೆಯೇ. ತವರಿನವರು ಕೊಡುವ ರಜೆ. ಕೆಲಸ ಹೇಳಬಾರದು, ಬಿಸಿ ಅನ್ನ ಹಾಕಬೇಕು, ತಾಯಿ ಮಗು ಒಂದೇ ಕೋಣೆಯಲ್ಲಿರಬೇಕು. ಹಾಲಿಗೆ ಬೇಕಾದದ್ದೂ ಅದೇ. ಅದರ ಜೊತೆಗೇ ಬಜೆ, ಹರಳೆಣ್ಣೆ, ಜೇನುತುಪ್ಪವೂ ಬರುತ್ತಿತ್ತು, ಅದು ಬೇರೆ ಮಾತು. ಆದರೆ ಆ ರಜೆಗೆ ಸಂಬಳ ಇರಲಿಲ್ಲ, ಸಾಮಾನ್ಯವಾಗಿ ಮೊದಲ ಹೆರಿಗೆಗೆ ಮಾತ್ರ ಇರುತ್ತಿತ್ತು, ತವರಿನಲ್ಲಿ ಅಕ್ಕಿ ಇದ್ದರೆ ಮಾತ್ರ ಇರುತ್ತಿತ್ತು.

ಅಕ್ಕಿ ಇಲ್ಲದವರ ವಿಷಯ. ನನಗೆ ಎಣ್ಣೆ ತಿಕ್ಕಿ ನೀರು ಹಾಕಲು ಬರುತ್ತಿದ್ದ ಹೆಂಗಸಿನ ಮಗಳಿಗೆ ಆಗಷ್ಟೇ ಹೆರಿಗೆಯಾಗಿತ್ತು. ನನ್ನ ಮಗನಿಗಿಂತ ಎರಡು ತಿಂಗಳು ದೊಡ್ಡ ಮಗು. ಅವಳು ಕೊಬ್ಬರಿ ಶೆಡ್ಡಿನಲ್ಲಿ ಕೆಲಸ ಮಾಡುವವಳು. ನಮ್ಮ ಕಡೆ ಗೊತ್ತಲ್ಲ, ತೆಂಗಿನ ಸೀಮೆ. ಕಾಯಿ ಲೆಕ್ಕದ ಕೂಲಿ. ನಲವತ್ತೈದನೇ ದಿನ ವಾಪಸ್ ಹೋದಳು. ಒಂದು ದಿನ ನಾನೇ ಶೆಡ್ಡಿನ ಕಡೆ ಹೋಗಿದ್ದಾಗ ನೋಡಿದೆ. ತೊಲೆಗೆ ಸೀರೆ ಜೋಲಿ ಕಟ್ಟಿತ್ತು, ಮಗು ಅದರಲ್ಲಿ. ಅತ್ತಾಗ ಎದ್ದು ಹೋಗಿ ಕುಡಿಸುತ್ತಿದ್ದಳು, ಯಾರೂ ತಡೆಯುತ್ತಿರಲಿಲ್ಲ. ಆದರೆ ಪಕ್ಕದವಳ ರಾಶಿ ಏರುತ್ತಿತ್ತು, ಇವಳದ್ದು ನಿಂತಿರುತ್ತಿತ್ತು. ಅದಕ್ಕೇ ಮಗು ಎರಡನೇ ಸಲ ಅತ್ತರೆ ಕಾಲಲ್ಲಿ ಜೋಲಿ ತೂಗುತ್ತಿದ್ದಳು, ಮೂರನೇ ಸಲ ಅತ್ತರೆ ಟೀಯಲ್ಲಿ ಅದ್ದಿದ ಬಿಸ್ಕತ್ತು. ನಾಲ್ಕು ತಿಂಗಳ ಮಗು ಅದು. ಮಗು ತಾಯಿಯ ಕಣ್ಣೆದುರೇ ಇತ್ತು, ಎದೆ ತುಂಬ ಹಾಲಿತ್ತು.

ಅವಳಿಗೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ದುಡ್ಡು ಬಂದಿತ್ತು. ಆಗ ಮೊದಲ ಮಗುವಿಗೆ 5000, ಮೂರು ಕಂತು. ಕೊನೇ ಕಂತು ಮಗುವಿನ ಮೊದಲ ಸುತ್ತಿನ ಲಸಿಕೆ ಆದ ಮೇಲೆ. ಕೂಲಿ ಬಿಟ್ಟು ಮನೆಯಲ್ಲಿರಲು ಸ್ವಲ್ಪ ಆಧಾರ ಆಗಲಿ ಅನ್ನುವುದೇ ಯೋಜನೆಯ ಉದ್ದೇಶ. ನಾನು ಸುಮ್ಮನೆ ಇರಲಾರದೆ ಭಾಗಿಸಿ ನೋಡಿದೆ. 5000ವನ್ನು 182ರಿಂದ ಭಾಗಿಸಿದರೆ ದಿನಕ್ಕೆ 27 ರೂಪಾಯಿ 47 ಪೈಸೆ. ನನಗೆ ಅದೇ 182 ದಿನಕ್ಕೆ ಪೂರ್ತಿ ಸಂಬಳ. ಅವಳ ಅಮ್ಮ ನನ್ನ ಬೆನ್ನಿಗೆ ಬಿಸಿ ನೀರು ಹಾಕುತ್ತಿದ್ದರು.

ದೇಶದ ಲೆಕ್ಕವನ್ನೂ ಒಂದು ಸಾಲು ಹೇಳಿಬಿಡುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲು ಮಾತ್ರ ಕುಡಿಯುತ್ತಿದ್ದವರು 2015–16ರಲ್ಲಿ ಶೇ. 54.9, 2019–21ರಲ್ಲಿ ಶೇ. 63.7. ಏರಿದೆ. ಆದರೆ ಅದನ್ನು 26 ವಾರದ ಕಾನೂನಿನ ಜಮಾ ಕಡೆ ಬರೆಯಲು ನನ್ನ ಕೈ ಬರಲ್ಲ. ಆ ಕಾನೂನು ಮುಟ್ಟುವುದು ನನ್ನಂಥ ಕೆಲವರನ್ನು. ಕೊಬ್ಬರಿ ಶೆಡ್ಡು, ಹೊಲ, ಮನೆಗೆಲಸ, ಕಟ್ಟಡದ ಕೆಲಸ, ಇವರೇ ಜಾಸ್ತಿ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೇಳಿದ್ದು, ಆಸ್ಪತ್ರೆಯಲ್ಲೇ ಹೆರಿಗೆ ಆಗುತ್ತಿರುವುದು, ಇದಕ್ಕೆಲ್ಲ ಪಾಲು ಕೊಡಬೇಕು.

ನನ್ನ ಸ್ವಂತ ಲೆಕ್ಕದಲ್ಲೂ ಒಂದು ಗೋಲ್‌ಮಾಲ್ ಇದೆ, ಹೇಳುತ್ತೇನೆ ಅಂದಿದ್ದೆನಲ್ಲ. ಎರಡನೇ ಸಲ ನಾನು ಬುದ್ಧಿ ಕಲಿತಿದ್ದೆ. ಹಾಲು ಕಡಿಮೆ ಅನ್ನಿಸಿದಾಗ ಡಬ್ಬಿ ತರುವುದಲ್ಲ, ಇನ್ನೂ ಹೆಚ್ಚು ಸಲ ಎದೆಗೆ ಹಾಕಿಕೊಳ್ಳಬೇಕು ಅಂತ ಗೊತ್ತಿತ್ತು. ಆದ್ದರಿಂದ ಎಲ್ಲವೂ ರಜೆಯ ಪುಣ್ಯ ಅನ್ನಲಾರೆ. ಆದರೆ ಒಬ್ಬಳ ಕಥೆ ಬಿಟ್ಟು ದೊಡ್ಡದಾಗಿ ನೋಡಿದವರೂ ಇದ್ದಾರೆ. ನಾದಿನಿ ಟೊರೊಂಟೊದಲ್ಲಿದ್ದಾಳೆ, ಅವಳಿಂದಲೇ ನನಗೆ ಕೆನಡಾ ವಿಷಯದ ಹುಚ್ಚು ಹತ್ತಿದ್ದು. ಅಲ್ಲಿ 2000ದ ಕೊನೆಯಲ್ಲಿ ರಜೆಯನ್ನು ಸುಮಾರು ಅರ್ಧ ವರ್ಷದಿಂದ ಒಂದು ವರ್ಷದ ಹತ್ತಿರಕ್ಕೆ ಏರಿಸಿದರು. ಮೊದಲು ಮತ್ತು ಆಮೇಲೆ ಹೆತ್ತ ತಾಯಂದಿರನ್ನು ಹೋಲಿಸಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು, ತಾಯಂದಿರು ಹೆಚ್ಚು ತಿಂಗಳು ಹಾಲುಣಿಸಿದರು, ಆರು ತಿಂಗಳ ಗೆರೆ ದಾಟಿದವರು ಹೆಚ್ಚಾದರು. ಆದರೆ ತಾಯಿ-ಮಕ್ಕಳ ಆರೋಗ್ಯದ ಬಗ್ಗೆ ತಾಯಂದಿರೇ ಹೇಳಿದ್ದರಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಶುದ್ಧ ನೀರು, ಒಳ್ಳೆ ಆಸ್ಪತ್ರೆ ಇರುವ ದೇಶ ಅದು. ನೀರು ಕುದಿಸದೆ ಡಬ್ಬಿ ಹಾಲು ಕಲಸುವ ಕಡೆ ಲೆಕ್ಕವೇ ಬೇರೆ ಅಂತ ನನ್ನ ಅನಿಸಿಕೆ.

ನಾದಿನಿ ಹೇಳಿದ ಇನ್ನೊಂದು ವಿಷಯ ನನಗೆ ಹೆಚ್ಚು ಮುಖ್ಯ ಅನ್ನಿಸಿತು. ಅಲ್ಲಿ ರಜೆಯ ದುಡ್ಡು ಬರುವುದು ವಿಮೆಯಿಂದ. ಎಲ್ಲರ ಸಂಬಳದಿಂದ ಸ್ವಲ್ಪ, ಮಾಲೀಕರಿಂದ ಸ್ವಲ್ಪ ಕಟ್ಟಿ ಮಾಡಿದ ನಿಧಿ. ಪೂರ್ತಿ ಸಂಬಳ ಬರಲ್ಲ, ಆದರೆ ನಿನ್ನ ಬಸುರಿಗೆ ನಿನ್ನ ಮಾಲೀಕನೊಬ್ಬನೇ ಬಿಲ್ ಕಟ್ಟಬೇಕಿಲ್ಲ. ಇಲ್ಲಿ ಇ.ಎಸ್.ಐ. ಅನ್ನುವ ನೌಕರರ ವಿಮೆ ಹಾಗೇ ಇದೆ, ಆದರೆ ಆಗ ತಿಂಗಳ ಸಂಬಳ 21,000ದ ಒಳಗಿದ್ದರೆ ಮಾತ್ರ. ನನ್ನದು 23,500. ಆರು ತಿಂಗಳ ಸಂಬಳ 1,41,000 ನೇರ ಮಾಲೀಕರ ಜೇಬಿನಿಂದ. ಅವರು ಕೊಟ್ಟರು, ಒಂದು ದಿನವೂ ತಡ ಮಾಡಲಿಲ್ಲ. ನನ್ನ ಕುರ್ಚಿಗೆ ಆರು ತಿಂಗಳಿಗೆ ಇನ್ನೊಬ್ಬರನ್ನು ಇಟ್ಟು ಅವರಿಗೂ ಕೊಟ್ಟರು. ಆದರೆ ಮುಂದಿನ ವರ್ಷ ಅಕೌಂಟ್ಸಿಗೆ ಇನ್ನೊಬ್ಬರು ಬೇಕಾದಾಗ, ಅರ್ಜಿಗಳ ಕಟ್ಟು ನನ್ನ ಮುಂದೆ ತಳ್ಳಿ, "ಹುಡುಗರದ್ದು ಮಾತ್ರ ಆರಿಸಮ್ಮ" ಅಂದರು. ಕೆಟ್ಟ ಮನುಷ್ಯ ಅಲ್ಲ. ಕಾನೂನು ಆ ಖರ್ಚನ್ನು ಒಬ್ಬರ ತಲೆಗೇ ಕಟ್ಟಿದರೆ ಅವರು ತಲೆ ತಪ್ಪಿಸಿಕೊಳ್ಳುತ್ತಾರೆ. ನಾನು ಮೂರು ಹುಡುಗಿಯರ ಅರ್ಜಿ ಸೇರಿಸಿಯೇ ಕೊಟ್ಟೆ. ಕೆಲಸ ಸಿಕ್ಕಿದ್ದು ಹುಡುಗನಿಗೆ.

2019ರ ಮೇ 6, ಸೋಮವಾರ. ಮಗನಿಗೆ 175 ದಿನ. ಆರು ತಿಂಗಳಿಗೆ ಐದು ದಿನ ಕಮ್ಮಿ. ಆ ಐದು ದಿನಕ್ಕೆ ಯುದ್ಧದ ತಯಾರಿ ನಡೆದಿತ್ತು. ಕೈಯಲ್ಲಿ ಒತ್ತುವ ಪಂಪ್ ತಂದಿದ್ದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಂದು ಕಡೆ ಮಗನಿಗೆ, ಒಂದು ಕಡೆ ಪಂಪಿಗೆ. ಸ್ಟೀಲ್ ಡಬ್ಬಿಯಲ್ಲಿ ತಾರೀಖು ಬರೆದ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿ. ಅತ್ತೆಗೆ ಒಳಲೆಯಲ್ಲಿ ಕುಡಿಸುವ ರೂಢಿ ಇತ್ತು, ಬಾಟಲಿ ತರಲೇ ಇಲ್ಲ. ಮೊದಲನೇ ಸಲ ಡಬ್ಬಿ ಅಳೆದ ಅದೇ ಅತ್ತೆ, ಈ ಸಲ ಫೋನ್ ಮಾಡಿ "ಎರಡನೇ ಚೀಟಿದು ಖಾಲಿ, ಮೂರನೇದು ಹೊರಗೆ ತೆಗೆದಿಟ್ಟಿದೀನಿ" ಅಂತ ಸ್ಟಾಕ್ ರಿಪೋರ್ಟ್ ಕೊಡುತ್ತಿದ್ದರು. ಆಫೀಸಿನಲ್ಲಿ ರೆಕಾರ್ಡ್ ರೂಮಿಗೆ ಚಿಲಕ ಹಾಕಿಸಿದ್ದೆ. ರಜೆ ಮೇಲೆ ಹೋಗುವ ಮೊದಲೇ ಮೇಂಟೆನೆನ್ಸ್ ಖರ್ಚಿನಲ್ಲಿ, 85 ರೂಪಾಯಿಯ ವೋಚರ್.

ಆರನೇ ದಿನ ಅವನಿಗೆ ರಾಗಿ ಸರಿ ತಿನ್ನಿಸಿದೆವು. ಉಗಿದ.

ಮಗಳು ಕಡಿಮೆ, ಮಗ ಹೆಚ್ಚು ಅಂತ ಏನೂ ಇಲ್ಲ, ಹೇಳಿಬಿಡುತ್ತೇನೆ. ಮಗಳು ಚೆನ್ನಾಗಿಯೇ ಬೆಳೆದಿದ್ದಾಳೆ. ಖೋ-ಖೋ ಆಡಿ ಮಂಡಿ ತರಚಿಕೊಂಡು ಬರುತ್ತಾಳೆ. ನೆಗಡಿ ಹೆಚ್ಚು ಬರುವುದು ಮಗನಿಗೇ. ಡಬ್ಬಿ ಹಾಲು ಕುಡಿಸಿದ ತಾಯಂದಿರು ಇದನ್ನು ಓದಿ ಅಳುವುದು ಬೇಡ, ನಾನು ಅಷ್ಟೂ ಅತ್ತು ಮುಗಿಸಿದ್ದೇನೆ. ನನಗೆ ಇರುವ ಸಿಟ್ಟು ಒಂದೇ. ನನಗೆ ಹಾಲು ಕಡಿಮೆ ಅಂತ ನನ್ನನ್ನೇ ನಂಬಿಸಿದರಲ್ಲ. ಕಡಿಮೆ ಇದ್ದದ್ದು ದಿನ.

ಇನ್ನೊಂದು ವಿಷಯ ಬರೆಯದೇ ಬಿಡಬೇಕು ಅಂದುಕೊಂಡಿದ್ದೆ. ನಾನು ರಜೆಯಿಂದ ಬಂದ ವರ್ಷವೇ ಪ್ಯಾಕಿಂಗಿನಲ್ಲಿ ಕಂಟ್ರಾಕ್ಟ್ ಮೇಲೆ ಬರುತ್ತಿದ್ದ ಒಬ್ಬ ಹುಡುಗಿಗೆ ಐದು ತಿಂಗಳಾಗಿತ್ತು. ಹೊಟ್ಟೆ ಕಾಣತೊಡಗಿದ ತಿಂಗಳೇ ಕಂಟ್ರಾಕ್ಟರ್ ಕೊಟ್ಟ ಹಾಜರಿ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅವಳ ಜಾಗದಲ್ಲಿ ಬೇರೆ ಹೆಸರು. ಹಾಗೆ ತೆಗೆಯುವುದು ಕಾನೂನಿಗೆ ವಿರುದ್ಧ. ನನಗೆ ಗೊತ್ತಿತ್ತು, ಆ ಹೊತ್ತಿಗೆ ಕಾಯ್ದೆ ನನಗೆ ಬಾಯಿಪಾಠ. ಆ ತಿಂಗಳ ಕಂಟ್ರಾಕ್ಟರ್ ಬಿಲ್ ಪಾಸ್ ಮಾಡಿ ಸಹಿಗೆ ಇಟ್ಟದ್ದು ನಾನೇ. ರೆಕಾರ್ಡ್ ರೂಮಿಗೆ ಹೋಗಿ ಪಂಪ್ ಮಾಡಿಕೊಂಡು ಬಂದು, ಪಾಸ್ ಮಾಡಿದೆ.

ಅದಾದ ಮೇಲೆ ಟೈಮ್ ಆಫೀಸಿನ ಹಳೇ ಫ್ರೇಮ್ ಇಳಿಸಿ, ಹೊಸ ಸಾರಾಂಶ ಕನ್ನಡದಲ್ಲಿ ಪ್ರಿಂಟ್ ಹಾಕಿಸಿ, ಲೇಡೀಸ್ ಟಾಯ್ಲೆಟ್ಟಿನ ಬಾಗಿಲ ಪಕ್ಕ ಕಣ್ಣಿಗೆ ನೇರ ಬರುವ ಹಾಗೆ ಮೊಳೆ ಹೊಡೆಸಿದೆ. ಅಲ್ಲಿ ಎಲ್ಲರೂ ಒಂದು ನಿಮಿಷ ಕಾಯಲೇಬೇಕಲ್ಲ. ಒಂದು ಮಧ್ಯಾಹ್ನ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದರ ಮುಂದೆ ನಿಂತಿದ್ದಳು. 'ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು' ಅನ್ನುವ ಸಾಲಿನ ಕೆಳಗೆ ಬೆರಳಿಟ್ಟು ಮೆಲ್ಲಗೆ ಓದುತ್ತಿದ್ದಳು. ನನ್ನನ್ನು ಕಂಡು ಬೆರಳು ತೆಗೆದಳು. ಆಮೇಲೆ ಹಿಂದೆಯೇ ಬಂದು, "ಮೇಡಂ, ನಂದು ಎಷ್ಟು ದಿನ ಆಗಿದೆ, ನೋಡಿ ಹೇಳ್ತೀರಾ?" ಅಂದಳು.

ಬಾಗಿಲು ಹಾಕಿ ಮಸ್ಟರ್ ತೆಗೆದು ಎಣಿಸಿದೆ. ಇನ್ನೊಂದು ಸಲ ಎಣಿಸಿದೆ. ಎಪ್ಪತ್ತಮೂರು.

"ಇನ್ನು ಏಳು ದಿನ ಏನೇ ಆದ್ರೂ ರಜೆ ಹಾಕಬೇಡ" ಅಂದೆ. "ಅಲ್ಲೀವರೆಗೂ ವೇಲ್ ಅಗಲವಾಗಿ ಹೊದ್ಕೊ."